ಇಪ್ಪತ್ತು ಮನೆಗೊಂದು ಮನೆ

ನಮ್ಮ ಮನೆಯಲ್ಲಿ ಊಟಕ್ಕೊಂದು ಸರದಿ ಇತ್ತು. ಗಿರಣಿಯ ಪಾಳಿ ಮುಗಿಸಿ ಬಂದ ಅಪ್ಪ ಮೊದಲು, ಆಮೇಲೆ ಅಜ್ಜಿ, ಅಜ್ಜಿಯ ಪಕ್ಕ ನಾನು, ಎಲ್ಲರೂ ಕೈ ತೊಳೆದು ಎದ್ದ ಮೇಲೆ ಅವ್ವ. ಅವ್ವ ಉಣ್ಣುವುದನ್ನು ನಾನು ಎದುರಿನಿಂದ ನೋಡಿದ್ದೇ ಕಡಿಮೆ. ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತು, ತಟ್ಟೆಯ ಗೊಡವೆಯಿಲ್ಲದೆ, ಗಡಿಗೆಯನ್ನೇ ಮಡಿಲಲ್ಲಿಟ್ಟುಕೊಂಡು ತಳದಲ್ಲಿ ಉಳಿದದ್ದನ್ನು ಬಳಿದು ಬಾಯಿಗಿಡುತ್ತಿದ್ದಳು. ಎಷ್ಟು ಉಳಿದಿದೆ ಎಂದು ಕೇಳಿದವರಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ನನಗೆ ನೆನಪಿರುವುದು ಅವಳ ಬೆನ್ನು, ಕುಪ್ಪಸದ ಹೊಲಿಗೆಯ ಕೆಳಗೆ ಎದ್ದು ಕಾಣುತ್ತಿದ್ದ ಬೆನ್ನುಮೂಳೆಯ ಗಂಟುಗಳು. ಮುಂದೆ ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳಿಯೇ ಆಯುಷ್ಯ ಕಳೆದೆ. ಬೋರ್ಡಿನ ಮೇಲೆ ‘ಸರಾಸರಿ’ ಎಂದು ಬರೆದಾಗಲೆಲ್ಲ ಆ ಬೆನ್ನು ಕಣ್ಣಿಗೆ ಬರುತ್ತಿತ್ತು. ಹುಡುಗರಿಗೆ ಅದನ್ನು ಹೇಳಲಿಲ್ಲ. ಪಠ್ಯದಲ್ಲಿ ಇದ್ದದ್ದನ್ನಷ್ಟೇ ಹೇಳಿ, ಸೀಮೆಸುಣ್ಣದ ಪುಡಿ ಕೊಡವಿಕೊಂಡು ಹೊರಗೆ ಬರುತ್ತಿದ್ದೆ.

ದಾವಣಗೆರೆಯ ಹತ್ತಿ ಗಿರಣಿಯೊಂದರ ಹಿಂದೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹೆಂಚಿನ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ಹೆಂಚಿನ ಸಂದಿಯಲ್ಲೂ ಅಪ್ಪನ ಹುಬ್ಬಿನಲ್ಲೂ ಒಂದೇ ಅರಳೆಯ ಧೂಳು. ಗಿರಣಿಯ ಕೂಗು ಆದಾಗ ಸಾಲಿಗೆ ಸಾಲೇ ಏಳುತ್ತಿತ್ತು, ಕೂಗು ಆದಾಗ ಒಲೆ ಹಚ್ಚುತ್ತಿತ್ತು. ದಿನದ ಊಟ ಜೋಳದ ರೊಟ್ಟಿ, ಇಲ್ಲವೇ ನವಣೆಯ ಅನ್ನಕ್ಕೆ ನೀರಾದ ಹುಣಸೆ ಸಾರು. ಸಂಜೆಗೆ ಒಂದು ಹಿಡಿ ಮಂಡಕ್ಕಿ ಸಿಕ್ಕರೆ ಹಬ್ಬ. ಅಕ್ಕಿಯ ಅನ್ನ ನಿಜವಾದ ಹಬ್ಬಕ್ಕೆ, ಜ್ವರಕ್ಕೆ, ಬಾಣಂತನಕ್ಕೆ. ಆ ವರ್ಷ ಅಡುಗೆಮನೆಯ ನಾಗಂದಿಗೆ ಹಲಗೆಯ ಮೇಲೆ ಒಂದು ದೊಡ್ಡ ತಗಡಿನ ಡಬ್ಬಿ ಕೂತಿತ್ತು. ಅವ್ವನ ತವರು ಹರಿಹರ. ತಾಯಿ ಇಲ್ಲದ ತವರು, ಆದ್ದರಿಂದ ಹೆರಿಗೆಗೆ ಕರೆದೊಯ್ಯಲಾಗದ ಅವಳಣ್ಣ, ನನ್ನ ಸೋದರಮಾವ, ಬಸ್ಸಿನ ತಲೆಯ ಮೇಲೆ ಆ ಡಬ್ಬಿ ಹಾಕಿಸಿಕೊಂಡು ಬಂದು ಇಳಿಸಿದ್ದ. ಅದರಲ್ಲಿ ಬಾಣಂತಿಗೆಂದು ಹಳೇ ಅಕ್ಕಿ, ತುಪ್ಪದ ಗಿಂಡಿ, ಬೆಲ್ಲ, ಕೊಬ್ಬರಿ, ಮೆಂತ್ಯ ಇದ್ದವು. ನನಗಿಂತ ಮೊದಲು ಒಂದು, ನನ್ನ ನಂತರ ಒಂದು, ಎರಡು ಕೂಸುಗಳು ಅವ್ವನಿಗೆ ನಿಂತಿರಲಿಲ್ಲ. ಸೂಲಗಿತ್ತಿ ಅವ್ವನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಒಳಗೆ ರಕ್ತವೇ ಇಲ್ಲ, ಈ ಸಲವಾದರೂ ಇದರ ಹೊಟ್ಟೆಗೆ ಏನಾದರೂ ಹಾಕಿ ಎಂದು ಅಜ್ಜಿಗೆ ಹೇಳಿ ಹೋಗಿದ್ದಳು. ಡಬ್ಬಿಯ ಮುಚ್ಚಳಕ್ಕೆ ಅಜ್ಜಿ ತಾನೇ ಹಗ್ಗ ಬಿಗಿದಿದ್ದಳು.

ಅಂಥ ದಿನಗಳಲ್ಲಿ ಒಬ್ಬ ಬಂದು ಸಾಲಿನ ಮನೆಗಳ ಚೌಕಟ್ಟಿಗೆಲ್ಲ ಕೆಮ್ಮಣ್ಣಿನಲ್ಲಿ ನಂಬರು ಬರೆದು ಹೋದ. ನಮ್ಮದು ಹದಿನೇಳು. ವಾರದ ನಂತರ ಇನ್ನೊಬ್ಬ ಬಂದ. ಮೈಸೂರು ಕಡೆಯ ಮಾತು, ಇನ್ನೂ ಮೀಸೆ ಸರಿಯಾಗಿ ಬಾರದ ಮುಖ, ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲಿ ಒಂದು ತಕ್ಕಡಿ. ಅವನ ಹೆಸರು ನಮಗೆ ಕೊನೆಗೂ ನಿಲ್ಲಲಿಲ್ಲ, ಸಾಲಿಗೆಲ್ಲ ಅವನು ತಕ್ಕಡಿ ಸಾಹೇಬ. ಇಪ್ಪತ್ತು ಮನೆಗೆ ಒಂದರಂತೆ ಆರಿಸಿದ್ದಾರೆ, ಮೊದಲ ಇಪ್ಪತ್ತರಲ್ಲಿ ನಿಮ್ಮ ಮನೆ ಬಂದಿದೆ, ಏಳು ದಿನ ನಾನು ಬಂದು ನೀವು ಬೇಯಿಸುವುದನ್ನೂ ಉಣ್ಣುವುದನ್ನೂ ತೂಗಿ ಬರೆದುಕೊಳ್ಳಬೇಕು ಎಂದ. ಅಪ್ಪನಿಗೆ ಇದು ಪೀಡೆ ಎನಿಸಿತು.

“ಪಕ್ಕದ ಮನಿಗೆ ಹೋಗ್ರಿ ಸಾಹೇಬ್ರ. ಪಿಂಜಾರ ಹುಸೇನಿ ಮನಿ. ಅಲ್ಲೂ ಉಂತಾರೆ, ಇಲ್ಲೂ ಉಂತಾರೆ. ಎಲ್ಲಿ ತೂಗಿದ್ರೇನು?”

“ಹಾಗೆ ಬದಲಾಯಿಸೋ ಹಾಗಿಲ್ಲ. ಬಂದ ಮನೆಯೇ ಆಗಬೇಕು. ನನಗೆ ಬೇಕಾದ ಮನೆಗೆ ಹೋದರೆ ನಾನು ನನ್ನ ಇಷ್ಟಾನೇ ತೂಗಿದ ಹಾಗಾಗುತ್ತೆ.”

“ಯಾಕ ತೂಗ್ತೀರಿ ಇದನ್ನ? ಏನು ಮಾಡಾಕ?”

ಅವನು ಕಂಕುಳಲ್ಲಿನ ರಿಜಿಸ್ಟರನ್ನು ಸರಿಮಾಡಿಕೊಂಡ. “ಸರ್ಕಾರಕ್ಕೆ ತಿಳ್ಕೋಬೇಕಂತೆ. ಅಷ್ಟೇ ಹೇಳೋಕೆ ಅಪ್ಪಣೆ. ನೀವು ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ, ನನಗೋಸ್ಕರ ಏನೂ ಬೇಡ.”

ಇಂಥ ಕೆಲಸದಲ್ಲಿ ಉದ್ದೇಶವನ್ನು ಯಾಕೆ ಹೇಳುವುದಿಲ್ಲ ಎಂದು ಮುಂದೆ ನಾನೇ ತರಗತಿಗಳಲ್ಲಿ ವಿವರಿಸಿದ್ದೇನೆ. ಹೇಳಿದರೆ ಜನ ಅದಕ್ಕೆ ತಕ್ಕ ಉತ್ತರ ಕೊಡುತ್ತಾರೆ, ಸತ್ಯ ಸಿಗುವುದಿಲ್ಲ. ಸರಿಯಾದ ಮಾತು. ಆದರೆ ಹೇಳದೆ ಹೋದರೆ ನನ್ನ ಅಜ್ಜಿಯಂಥವಳು ಏನು ಮಾಡುತ್ತಾಳೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅಜ್ಜಿ ಮಲೆಬೆನ್ನೂರಿನ ಕಡೆಯ, ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ ಒಕ್ಕಲು ಮನೆಯಲ್ಲಿ ಹುಟ್ಟಿದವಳು. ಹೊಲ ಹೋಗಿ, ಗಂಡ ಹೋಗಿ, ಮಗನ ಹಿಂದೆ ಗಿರಣಿಯ ಸಾಲಿಗೆ ಬಂದು ಬಿದ್ದವಳು. ಬಿದ್ದದ್ದನ್ನು ಅವಳು ಒಪ್ಪಿಕೊಂಡಿರಲಿಲ್ಲ. ಮನೆಗೆ ಯಾರಾದರೂ ಬಂದರೆ, ಉಂಡು ಕೈ ತೊಳೆದದ್ದು ಈಗಷ್ಟೇ ಎಂಬಂತೆ ಸೆರಗಿನಲ್ಲಿ ಒಣ ಕೈ ಒರೆಸಿಕೊಂಡೇ ಬಾಗಿಲಿಗೆ ಬರುತ್ತಿದ್ದಳು. ಆ ಸಂಜೆ ನಾಗಂದಿಗೆಯ ಮೇಲಿನ ಡಬ್ಬಿಯನ್ನು ಇಳಿಸಿ ಹಗ್ಗ ಬಿಚ್ಚತೊಡಗಿದಳು.

“ಅವ್ವಾ, ಅದು ಬಾಣಂತನಕ್ಕೆ ಇಟ್ಟಿದ್ದು,” ಎಂದ ಅಪ್ಪ.

“ಗೊತ್ತೈತೆ. ನನಗೇನು ಕಣ್ಣಿಲ್ಲೇನು? ಇನ್ನಾ ಮೂರು ತಿಂಗಳೈತೆ, ತುಂಬಿಸಿದ್ರಾತು. ನಮ್ಮ ಹಗೇವಿನ ಜೋಳ ಊರೇ ನೋಡಿದ್ದು. ಈಗ ಯಾವನೋ ಬಂದು ನವಣಿ ಉಂತಾರೆ, ನೀರು ಸಾರು ಕುಡೀತಾರೆ ಅಂತ ಸರ್ಕಾರದ ಪುಸ್ತಕದಾಗ ಬರ್ಕಂಡು ಹೋಗ್ಬೇಕಾ? ಬರ್ದಿದ್ದು ಅಳಿಸಾಕಾಗಲ್ಲಪ್ಪ.”

ಅಪ್ಪ ಹುಬ್ಬಿಗಂಟಿದ ಅರಳೆ ಒರೆಸಿಕೊಂಡ. ಆಮೇಲೆ ಯಾರಿಗೂ ಅಲ್ಲವೆಂಬಂತೆ ಹೇಳಿದ:

“ಹತ್ತಿ ಅಂಡಿಗೆ ಬಿಚ್ಚುವಾಗ ನೋಡೀನಿ ನಾನು. ಖರೀದಿದಾರ ಕೈ ಹಾಕೋ ಕಡೆ ಒಳ್ಳೆ ಹತ್ತಿ ಇಟ್ಟಿರ್ತಾರೆ, ಒಳಗೆಲ್ಲಾ ಕಸ. ಆಮೇಲೆ ಆ ಕಸ ಆರಿಸೋರು ಯಾರು? ನಾವೇ.”

ಹೇಳಿದ, ಆದರೆ ಡಬ್ಬಿಗೆ ಅಡ್ಡ ಬರಲಿಲ್ಲ. ಅವ್ವ ಒಲೆಯ ಮುಂದೆ ಕೂತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ನನಗಂತೂ ಹಗ್ಗ ಬಿಚ್ಚಿದ ಖುಷಿಯೇ ಖುಷಿ. ಅದನ್ನು ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ.

ಏಳು ದಿನ ನಮ್ಮ ಮನೆಯಲ್ಲಿ ಅನ್ನದ ಹಬೆ ಎದ್ದಿತು. ಬೆಳಿಗ್ಗೆ ಸಾಹೇಬ ಬಂದು ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ತೂಗುತ್ತಿದ್ದ. ಬೆಂದ ಮೇಲೆ ಒಬ್ಬೊಬ್ಬರ ತಟ್ಟೆಯನ್ನೂ ತೂಗಬೇಕು, ಆದ್ದರಿಂದ ಎಲ್ಲರೂ ಒಟ್ಟಿಗೆ ಕೂರಿ ಎಂದ. ಒಟ್ಟಿಗೆ ಎಂದರೆ ಅವ್ವನೂ. ಅಜ್ಜಿ ಹುಬ್ಬು ಗಂಟಿಕ್ಕಿದಳು, ಆದರೆ ಬಂದವರ ಮುಂದೆ ಸೊಸೆಯನ್ನು ಹಿಂದೆ ಕೂರಿಸುವಂತಿರಲಿಲ್ಲ. ಅವ್ವನಿಗೆ ತಟ್ಟೆ ಇರಲಿಲ್ಲ, ಪಕ್ಕದ ಮನೆಯ ಜುಬೇದಮ್ಮನಿಂದ ನಾನೇ ಒಂದು ಕೇಳಿ ತಂದೆ. ಜುಬೇದಮ್ಮ ಗಾದಿ ಹೊಲಿಯುವ ಪಿಂಜಾರ ಹುಸೇನಿಯ ಹೆಂಡತಿ, ಅವಳೂ ಆಗ ಬಸುರಿ. ಮೊದಲ ದಿನ ಅವ್ವ ಆ ತಟ್ಟೆಯನ್ನು ನೋಡುತ್ತಾ ಕೂತಳು. ಎರಡನೆಯ ದಿನ ಅನ್ನಕ್ಕೆ ತುಪ್ಪ ಬಿದ್ದಾಗ ನಿಧಾನವಾಗಿ ಕಲಸಿದಳು. ಮೂರನೆಯ ದಿನ ನನ್ನ ತಟ್ಟೆಯ ಬೆಲ್ಲದ ಚೂರನ್ನು ಕದ್ದು ಬಾಯಿಗೆ ಹಾಕಿಕೊಂಡು, ಏನೂ ಆಗದವಳಂತೆ ಕೂತಳು. ಅವ್ವ ಅಂಥ ಚೇಷ್ಟೆ ಮಾಡಬಲ್ಲಳು ಎಂದು ನನಗೆ ಗೊತ್ತೇ ಇರಲಿಲ್ಲ. ಉಣ್ಣುವ ಅನ್ನವನ್ನು ತೂಗಿದರೆ ದೃಷ್ಟಿಯಾಗುತ್ತದೆಂದು ಅಜ್ಜಿ ಮಾತ್ರ ಪ್ರತಿ ದಿನ, ಸಾಹೇಬ ಅತ್ತ ಹೋದದ್ದೇ ತಡ, ತಕ್ಕಡಿ ಇಟ್ಟಿದ್ದ ಜಾಗಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

ನಾನು ಶಾಲೆ ಬಿಟ್ಟು ಬಂದವಳೇ ಸಾಹೇಬನ ಪಕ್ಕ ಕೂರುತ್ತಿದ್ದೆ. ಅವನ ಚೀಲದಲ್ಲಿ ಒಂದು ತೆಳು ಪುಸ್ತಕವಿತ್ತು, ಪುಟದ ತುಂಬ ಬರೀ ಅಂಕಿ. ಇದು ಯಾವ ಮಗ್ಗಿ ಎಂದು ಕೇಳಿದೆ. ಯಾವ ಮಗ್ಗಿಯೂ ಅಲ್ಲ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ, ಇದರಿಂದಲೇ ನಿಮ್ಮ ಹದಿನೇಳು ಬಂದದ್ದು ಎಂದ. ಯಾರ ಶಿಫಾರಸೂ ನಡೆಯದ, ಯಾರ ಮೇಲೂ ದ್ವೇಷವಿಲ್ಲದ ಆ ಅಂಕಿಗಳು ನನಗೆ ತುಂಬಾ ಹಿಡಿಸಿದವು. ನಮ್ಮ ಮನೆಯಲ್ಲಿ ಯಾವುದೂ ಹಾಗಿರಲಿಲ್ಲ. ಅವನು ಒಂದು ಪೆನ್ಸಿಲ್ ಕೊಟ್ಟು ನನ್ನಿಂದಲೂ ಕೂಡಿಸಿದ. ಮನೆಯ ಒಟ್ಟು ಅನ್ನವನ್ನು ಉಣ್ಣುವವರ ಲೆಕ್ಕಕ್ಕೆ ಭಾಗಿಸಿದರೆ ತಲೆಗಿಷ್ಟು ಎಂದು ಬರುತ್ತದೆ, ಅದೇ ಸರಾಸರಿ ಎಂದು ಹೇಳಿಕೊಟ್ಟ.

“ಎಲ್ಲರಿಗೂ ಅಷ್ಟಷ್ಟೇ ಸಿಗ್ತದಾ ಸಾರ್?”

“ಇಲ್ಲ. ಸಮನಾಗಿ ಹಂಚಿದ್ದರೆ ಸಿಗ್ತಿತ್ತು ಅಂತ.”

ಹಂಚಿದ್ದರೆ ಎಂಬ ಆ ಮಾತು ನನಗೆ ಆಗ ದೊಡ್ಡದಾಗಿ ಕಾಣಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ನಿಜವಾಗಿಯೂ ಹಂಚುತ್ತಿದ್ದರಲ್ಲ.

ಏಳನೆಯ ದಿನ ಸಾಹೇಬ ಕೊನೆಯ ತಟ್ಟೆ ತೂಗಿ, ರಿಜಿಸ್ಟರಿನ ಪುಟ ತಿರುವುತ್ತಾ ಅವ್ವನ ಕೈಯನ್ನೇ ನೋಡಿದ. ಬಳೆ ಮೊಣಕೈವರೆಗೆ ಜಾರುತ್ತಿದ್ದ ಕೈ ಅದು. ದಿನವೂ ಅನ್ನ ತುಪ್ಪ ಉಣ್ಣುವವಳ ಕೈ ಹಾಗಿರುವುದಿಲ್ಲ ಎಂದು ಅವನಿಗೂ ಹೊಳೆದಿರಬೇಕು. “ಯಾವಾಗಲೂ ಹೀಗೇ ಊಟ ಮಾಡ್ತೀರಾ ಅಮ್ಮ?” ಎಂದು ಕೇಳಿದ. ಅವ್ವ ಅಜ್ಜಿಯ ಮುಖ ನೋಡಿದಳು. “ಇದೇನು ಕೇಳ್ತೀರಿ, ನೀವೇ ತೂಗೀರಲ್ರಿ,” ಎಂದಳು ಅಜ್ಜಿ. ಅವನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡು ಎದ್ದ. ನಾನು ಅವನ ತಕ್ಕಡಿ ಹಿಡಿದುಕೊಂಡು ಬೀದಿಯ ನಲ್ಲಿಯವರೆಗೆ ಹೋದೆ. ಅಲ್ಲಿ ನಿಂತು, ಬಗ್ಗಿ, ಮೆಲ್ಲಗೆ ಕೇಳಿದ:

“ನೀನು ಜಾಣೆ. ನಿಜ ಹೇಳು ಮರಿ. ನಾನು ಬರೋಕೆ ಮುಂಚೇನೂ ಹೀಗೇ ಇತ್ತಾ?”

“ಹೌದು ಸಾರ್.”

“ದಿನಾ? ನಿಮ್ಮಮ್ಮನೂ ನಿಮ್ಮ ಜೊತೇಲೇ ಉಣ್ತಾರಾ?”

“ದಿನಾ ಸಾರ್. ನಮ್ಮ ಜೊತೀಗೇ.”

ಅಜ್ಜಿಯ ಹೆದರಿಕೆಗೆ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅಜ್ಜಿ ಅಲ್ಲಿರಲೇ ಇಲ್ಲ. ಆ ಏಳು ದಿನವೇ ನಮ್ಮ ನಿಜವಾದ ಬದುಕು, ಅದಕ್ಕೂ ಮುಂಚಿನದು ಏನೋ ತಪ್ಪಿ ಆದದ್ದು ಎಂದು ನಾನು ನಂಬಬೇಕಾಗಿತ್ತು. ಸರ್ಕಾರದ ಪುಸ್ತಕದಲ್ಲಿ ಹಾಗೇ ಇದ್ದರೆ ಅವ್ವ ನಾಳೆಯೂ ನನ್ನ ಪಕ್ಕ ಕೂರಬಹುದು ಎಂಬ ಆಸೆಯಿತ್ತು. ಸಾಹೇಬ ನನ್ನ ಮುಖ ನೋಡಿದ, ಕಿಸೆಯಿಂದ ರಬ್ಬರು ತೆಗೆದ, ನಲ್ಲಿಯ ಕಟ್ಟೆಯ ಮೇಲೆ ರಿಜಿಸ್ಟರು ಇಟ್ಟು ಪ್ರಶ್ನೆ ಚಿಹ್ನೆಯನ್ನು ಉಜ್ಜಿದ. ಬರೆದದ್ದು ಅಳಿಸಲಾಗುವುದಿಲ್ಲ ಎಂದು ಅಜ್ಜಿ ಹೇಳಿದ್ದು ಸುಳ್ಳಾಗಿತ್ತು. ಪೆನ್ಸಿಲ್ ನೀನೇ ಇಟ್ಟುಕೋ ಎಂದು ತಲೆ ಸವರಿ ಹೋದ.

ಮಾರನೆಯ ದಿನ ಅವ್ವ ಜುಬೇದಮ್ಮನ ತಟ್ಟೆಯನ್ನು ತೊಳೆದು ವಾಪಸು ಕೊಟ್ಟು ಬಂದಳು. ಮತ್ತೆ ನವಣೆ, ಮತ್ತೆ ಗಡಿಗೆ, ಮತ್ತೆ ಗೋಡೆ. ಡಬ್ಬಿಯ ತಳದಲ್ಲಿ ಒಂದಷ್ಟು ಮೆಂತ್ಯ ಮಾತ್ರ ಉಳಿದಿತ್ತು. ತುಂಬಿಸಬೇಕೆಂದರೆ ಹರಿಹರದ ಮಾವನಿಗೆ ಹೇಳಬೇಕು, ಹೇಳಿದರೆ ಮೊದಲಿನದು ಏನಾಯಿತು ಎಂದು ಅವನು ಕೇಳುತ್ತಾನೆ. ಅಜ್ಜಿ ಹೇಳಲಿಲ್ಲ, ಅಪ್ಪನನ್ನೂ ಹೇಳಗೊಡಲಿಲ್ಲ. ಖಾಲಿ ಡಬ್ಬಿಗೆ ಮೊದಲಿನಂತೆಯೇ ಹಗ್ಗ ಬಿಗಿದು ಮೇಲೆ ಏರಿಸಿಟ್ಟಳು.

ಅವ್ವನಿಗೆ ಒಂಬತ್ತು ತುಂಬುವ ಹೊತ್ತಿಗೆ ರೈಲು ಹಳಿಯ ಆಚೆ ಒಂದು ಹಾಲಿನ ಕೇಂದ್ರ ತೆರೆದರು. ಬಸುರಿ ಬಾಣಂತಿಯರಿಗೂ ಕೂಸುಗಳಿಗೂ ದಿನಕ್ಕೊಂದು ಲೋಟ, ಪುಡಿಯಿಂದ ಕಾಸಿದ ಹಾಲು. ಜುಬೇದಮ್ಮ ಅವ್ವನನ್ನು ಹೊರಡಿಸಿದಳು, ನಾನು ಚೊಂಬು ಹಿಡಿದು ಹಿಂದೆ ಹೋದೆ. ಬಸುರಿಯರಿಬ್ಬರೂ ಹಳಿ ದಾಟುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಕೇಂದ್ರದ ನರ್ಸು ಯಾವ ಸಾಲು ಎಂದು ಕೇಳಿ, ಪಟ್ಟಿ ನೋಡಿ, ನಿಮ್ಮ ಸಾಲು ಇದರಲ್ಲಿಲ್ಲ ಎಂದಳು.

“ಯಾಕ ಇಲ್ರಿ? ನಾವೇನು ಮನುಷ್ಯರಲ್ವಾ?” ಎಂದಳು ಜುಬೇದಮ್ಮ.

“ನನ್ನನ್ನ ಕೇಳಿದ್ರೆ ನಾನೇನು ಮಾಡ್ಲಿ ತಾಯಿ. ಮನಿಮನಿಗೆ ಬಂದು ತೂಗ್ಕೊಂಡು ಹೋಗಿದ್ರಲ್ಲ, ಅದರ ಮ್ಯಾಲೆ ಮಾಡಿದ್ದು. ನಿಮ್ಮ ಕಡೆ ಅನ್ನ ತುಪ್ಪ ಚೆನ್ನಾಗೇ ಉಂತಾರೆ ಅಂತ ಬಂದೈತೆ.”

ಜುಬೇದಮ್ಮ ಅವ್ವನ ಕಡೆ ತಿರುಗಿದಳು. ಅವಳಿಗೆ ಬೈಯಲು ಎಲ್ಲ ಹಕ್ಕೂ ಇತ್ತು. ಬೈಯಲಿಲ್ಲ. ಹಳಿಯ ಹತ್ತಿರ ಬಂದಾಗ ಮಾತ್ರ, “ತಕ್ಕಡಿ ನಮ್ಮನಿಗೆ ಬಂದಿದ್ರೆ ತೋರಿಸಾಕ ನಮ್ಮ ಹತ್ರ ಏನೂ ಇರ್ಲಿಲ್ಲ ನೋಡು ಅಕ್ಕ,” ಎಂದಳು. ಅವ್ವ ಅಳಲಿಲ್ಲ. ಖಾಲಿ ಚೊಂಬು ನನ್ನ ಕೈಯಲ್ಲಿತ್ತು. ಸಾಹೇಬ ತನ್ನ ಉದ್ದೇಶವನ್ನು ನಮ್ಮಿಂದ ಬಚ್ಚಿಟ್ಟ, ನಾವು ನಮ್ಮ ಹಸಿವನ್ನು ಅವನಿಂದ ಬಚ್ಚಿಟ್ಟೆವು. ಅವನು ನಿಯಮ ತಪ್ಪಲಿಲ್ಲ, ಭಾಗಾಕಾರ ತಪ್ಪಲಿಲ್ಲ. ಇಪ್ಪತ್ತು ಮನೆಗಳ ಪರವಾಗಿ ನಮ್ಮ ಮನೆ ಬಾಯಿಬಿಟ್ಟಿತ್ತು, ಆ ಬಾಯಿ ನನ್ನದು.

ಕೂಸು ಗಂಡು. ಅಳುವುದಕ್ಕೂ ಶಕ್ತಿಯಿಲ್ಲದಷ್ಟು ಸಣ್ಣದು. ಅವ್ವನಿಗೆ ಹಾಲು ಬರಲಿಲ್ಲ. ಬಾಣಂತಿಗೆ ಏನು ಕೊಡುತ್ತಿದ್ದೀರಿ ಎಂದು ಸೂಲಗಿತ್ತಿ ಕೇಳಿದಾಗ ಅಜ್ಜಿ ಆಗಲೂ ಅನ್ನ ತುಪ್ಪ ಎಂದೇ ಹೇಳಿದಳು. ಕೂಸು ನೋಡಲು ಬಂದ ಮಾವ, ತಂಗಿಯ ಮುಖ ನೋಡಿದವನೇ ಒಳಗೆ ಹೋಗಿ ಡಬ್ಬಿ ಇಳಿಸಿದ. ಅದು ಅವನ ಕೈಗೆ ಹಗುರವಾಗಿ ಬಂತು. ಬಿಚ್ಚಿ ನೋಡುವ ಅಗತ್ಯವೂ ಇರಲಿಲ್ಲ.

“ಅತ್ತಿ, ಇದನ್ನ ಯಾರು ಉಂಡ್ರು?” ಎಂದ.

ಅಜ್ಜಿ ಸೆರಗಿನಲ್ಲಿ ಒಣ ಕೈ ಒರೆಸಿಕೊಂಡಳು. ಎಲ್ಲರೂ ಉಂಡಿದ್ದೆವು. ನಾನೂ ಉಂಡಿದ್ದೆ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ಗಿರಣಿಯ ಕೂಗಿಗೆ ಸಾಲೆಲ್ಲ ಎದ್ದಾಗ, ಕೂಸು ಏಳಲಿಲ್ಲ. ಅಪ್ಪ ಅದನ್ನು ತನ್ನ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೋದ. ಮಾವ ಅವ್ವನನ್ನೂ ನನ್ನನ್ನೂ ಹರಿಹರಕ್ಕೆ ಕರೆದುಕೊಂಡು ಹೋದ. ಅಲ್ಲಿ ಎರಡು ತಿಂಗಳು ಅವ್ವ ದಿನವೂ ಹೊಳೆಗೆ ಹೋಗಿ, ಒಗೆಯುವುದು ಮುಗಿದ ಮೇಲೂ ತುಂಗಭದ್ರೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಮಾವನ ಹೆಂಡತಿ ಪ್ರೀತಿಯಿಂದಲೇ ತಟ್ಟೆ ಹಾಕಿ ಕರೆದರೆ, ನೀವು ಉಣ್ರಿ, ನಾನು ಆಮ್ಯಾಲೆ ಉಂತೀನಿ ಎನ್ನುತ್ತಿದ್ದಳು. ಅದಾದ ಮೇಲೆ ಸಾಯುವವರೆಗೂ ಅವಳು ಯಾರ ಜೊತೆಗೂ ಕೂತು ಉಣ್ಣಲಿಲ್ಲ.

ದಾವಣಗೆರೆಗೆ ವಾಪಸು ಬಂದಾಗ ಚೌಕಟ್ಟಿನ ಮೇಲೆ ಹದಿನೇಳು ಹಾಗೇ ಇತ್ತು. ಜುಬೇದಮ್ಮನ ಮನೆಯಲ್ಲಿ ತೊಟ್ಟಿಲು ಕಟ್ಟಿ ಬಿಚ್ಚಿಯೂ ಆಗಿತ್ತು, ಅವಳ ಕೂಸೂ ಉಳಿದಿರಲಿಲ್ಲ. ಅಂದು ನನಗೊಂದು ಹುಚ್ಚು ಹಿಡಿಯಿತು. ತಪ್ಪಾಗಿರುವುದು ಒಂದೇ ಮನೆಯ ಲೆಕ್ಕ, ಇಪ್ಪತ್ತನ್ನೂ ಕೇಳಿ ಸರಿಯಾಗಿ ಬರೆದುಕೊಟ್ಟರೆ ಸರ್ಕಾರ ಪಟ್ಟಿ ತಿದ್ದುತ್ತದೆ ಎಂದುಕೊಂಡೆ. ಶಾಲೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಸಾಹೇಬ ಕೊಟ್ಟ ಪೆನ್ಸಿಲ್ ಹಿಡಿದು, ಒಂದನೆಯ ಮನೆಯಿಂದ ಹೊರಟೆ. ನಿನ್ನೆ ಏನು ಉಂಡಿರಿ ಎಂದು ಕೇಳಿದೆ. ಹೋಳಿಗೆ ಎಂದರು ಒಬ್ಬರು. ಒಬ್ಬರು ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಎಂದರು. ಹೊಟ್ಟೆ ಬಿರಿಯ ಉಂಡ್ವಿ ಬಿಡವ್ವ, ನಿನಗೇನು ಅದರ ಉಸಾಬರಿ ಎಂದು ಒಬ್ಬಳು ನಕ್ಕಳು. ಅವಳ ಹಿಂದೆ ಒಲೆ ತಣ್ಣಗಿತ್ತು. ಹದಿನೆಂಟರಲ್ಲಿ ಜುಬೇದಮ್ಮ ನನ್ನ ಕೈಯ ಹಾಳೆಯನ್ನು ನೋಡಿ, “ತುಪ್ಪದ ಅನ್ನ ಅಂತ ಬರ್ಕ,” ಎಂದಳು. ಇಪ್ಪತ್ತರವರೆಗೂ ಹೋದೆ. ಸಾಲಿನಲ್ಲಿ ಹಸಿದವರು ಒಬ್ಬರೂ ಸಿಗಲಿಲ್ಲ.

ಹಾಳೆಯಲ್ಲಿ ಒಂದು ಮನೆ ಬಾಕಿ ಇತ್ತು. ಒಳಗೆ ಬಂದೆ. ಅವ್ವ ಒಲೆಯ ಮುಂದೆ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ತಳ ನನಗೆ ಕಾಣುತ್ತಿತ್ತು, ಬರೀ ತಳ.

“ಅವ್ವ, ನಿನ್ನೆ ಏನು ಉಂಡಿ?”

ಅವಳು ತಿರುಗಲಿಲ್ಲ. ಗಡಿಗೆಯ ಒಳಗೆ ಆಡುತ್ತಿದ್ದ ಕೈ ನಿಂತಿತು.

“ಅವತ್ತು ನಲ್ಲಿ ಹತ್ರ ಅವನಿಗೆ ಏನು ಹೇಳಿದ್ಯೋ ಅದನ್ನೇ ಬರ್ಕ,” ಎಂದಳು. “ಕೊಡ ಹಿಡ್ಕಂಡು ನಿಮ್ಮ ಹಿಂದೆಯೇ ಬಂದಿದ್ದೆ ನಾನು. ಕೇಳಿಸ್ಕಂಡೆ.”

“ನೀನು ಯಾಕ ಇಲ್ಲ ಅನ್ಲಿಲ್ಲ ಅವ್ವ?”

“ನೀನು ಹೇಳಿದಂಗೆ ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು.”

ಹದಿನೇಳರ ಮುಂದೆ ನಾನು ಅನ್ನ, ತುಪ್ಪ ಎಂದು ಬರೆದುಕೊಂಡೆ. ಅಂಚಿನಲ್ಲಿ ಜಾಗವಿತ್ತು. ಪ್ರಶ್ನೆ ಚಿಹ್ನೆ ಹಾಕಲು ಕೈ ಬರಲಿಲ್ಲ.